ಅರಿವು ಬಡಿಸುವವರದು, ಮಿತಿ ಉಣ್ಣುವವರದು

2024ರ ನವೆಂಬರ್ 26ರಂದು ಕೇಂದ್ರ ಆಯುಷ್ ಸಚಿವಾಲಯ ‘ದೇಶ್ ಕಾ ಪ್ರಕೃತಿ ಪರೀಕ್ಷಣ್ ಅಭಿಯಾನ’ವನ್ನು ಆರಂಭಿಸಿತು. ಆಯುರ್ವೇದದ ವೈದ್ಯರು, ವಿದ್ಯಾರ್ಥಿಗಳು ಮೊಬೈಲ್ ಆ್ಯಪ್ ಹಿಡಿದು ಜನರನ್ನು ಪ್ರಶ್ನಿಸಿ, ವಾತ, ಪಿತ್ತ, ಕಫಗಳಲ್ಲಿ ಯಾರದು ಯಾವ ಪ್ರಕೃತಿ ಎಂದು ಗೊತ್ತುಮಾಡಿ ಪ್ರಮಾಣಪತ್ರ ಕೊಟ್ಟರು. ಒಂದು ಕೋಟಿಗೂ ಮಿಕ್ಕಿ ಜನ ಇದರಲ್ಲಿ ಪಾಲ್ಗೊಂಡರು. ಚೀನಾದಲ್ಲಿ ಇದಕ್ಕೂ ಮೊದಲೇ, 2009ರಲ್ಲಿ, ಅಲ್ಲಿನ ಸಾಂಪ್ರದಾಯಿಕ ವೈದ್ಯರ ಸಂಘವು ಮನುಷ್ಯರ ದೇಹಗುಣವನ್ನು ಒಂಬತ್ತು ಬಗೆಯಾಗಿ ವಿಂಗಡಿಸುವ ಮಾನದಂಡವನ್ನು ಹೊರತಂದಿತ್ತು. ಎರಡರ ಹಿಂದಿನ ನಂಬಿಕೆಯೂ ಒಂದೇ: ಎಲ್ಲರ ಮೈ ಒಂದೇ ತೆರನಾಗಿಲ್ಲ, ಹೀಗಾಗಿ ಎಲ್ಲರಿಗೂ ಒಂದೇ ಊಟ ಹಿತವಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಈ ಮಾತನ್ನು ಕೇಳಿದಾಗ ಒಂದು ಧರ್ಮಪ್ರಶ್ನೆ ತಾನಾಗಿಯೇ ಎದ್ದುಬರುತ್ತದೆ. ಕಳೆದ ನೂರು ವರ್ಷಗಳ ದಿಗಂಬರ ಜೈನ ಪರಂಪರೆಯ ಮೂವರು ಹಿರಿಯ ಆಚಾರ್ಯರು ಈ ಮಣ್ಣಿನವರು. ನಿಪ್ಪಾಣಿ ಕಡೆಯ ಭೋಜ ಗ್ರಾಮದವರು ಶಾಂತಿಸಾಗರರು, ಚಿಕ್ಕೋಡಿ ಕಡೆಯ ಸದಲಗಾದವರು ವಿದ್ಯಾಸಾಗರರು, ಕಾಗವಾಡ ಕಡೆಯ ಶೇಡಬಾಳದವರು ವಿದ್ಯಾನಂದರು. ದಿನಕ್ಕೊಂದೇ ಹೊತ್ತು, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವ ದಾರಿ ಅವರದು. ಉಪ್ಪು, ಸಿಹಿ, ತುಪ್ಪದಂಥ ರಸಗಳನ್ನು ಬಿಡುವುದು ಆ ದಾರಿಯ ತಪಸ್ಸು. ನಿನ್ನ ಮೈಗೆ ಏನು ಬೇಕೆಂದು ಅರಿತು ಉಣ್ಣು ಎನ್ನುತ್ತದೆ ವೈದ್ಯ. ಮೈ ಬೇಡಿದ್ದನ್ನೆಲ್ಲ ಕೊಡಬೇಡ ಎನ್ನುತ್ತದೆ ತಪಸ್ಸು. ಗೃಹಸ್ಥರಾದವರು ಯಾವ ಮಾತನ್ನು ಕೇಳಬೇಕು?

ಎರಡನ್ನೂ ಕೇಳಬಹುದು, ಕೇಳಬೇಕು ಎಂಬುದು ನನ್ನ ವಾದ. ಆದರೆ ಅದಕ್ಕೆ ಮೊದಲು ಯಾವ ಮಾತು ಯಾರಿಗೆ ಹೇಳಿದ್ದು ಎಂಬುದು ತಿಳಿದಿರಬೇಕು. ವೈದ್ಯದ ಮಾತಿನಿಂದಲೇ ತೊಡಗೋಣ. ಚೀನೀ ವೈದ್ಯದ ಪ್ರಕಾರ ದೇಹದಲ್ಲಿ ಯಿನ್ ಎಂಬ ತಂಪು-ತೇವದ ಸತ್ವವೂ ಯಾಂಗ್ ಎಂಬ ಬಿಸಿ-ಚಲನೆಯ ಸತ್ವವೂ ಸಮವಾಗಿರಬೇಕು. ಯಿನ್ ಸೊರಗಿದವರಿಗೆ ಬಾಯಿ ಒಣಗುತ್ತದೆ, ಅಂಗೈ ಅಂಗಾಲು ಉರಿಯುತ್ತವೆ, ನಿದ್ದೆ ಹತ್ತುವುದಿಲ್ಲ. ಅಂಥವರಿಗೆ ಪೇರ್ ಹಣ್ಣು, ಲಿಲಿಯ ಗಡ್ಡೆ, ಬಿಳಿ ಅಣಬೆ, ಕರಿ ಎಳ್ಳು ಕೊಡುತ್ತಾರೆ. ಯಾಂಗ್ ಸೊರಗಿದವರ ಕೈಕಾಲು ತಣ್ಣಗಿರುತ್ತವೆ; ಅವರಿಗೆ ಶುಂಠಿ, ದಾಲ್ಚಿನ್ನಿ, ಕುರಿಮಾಂಸ. ಆಯುರ್ವೇದದಲ್ಲಿ ಒಣಮೈಯ ವಾತದವರಿಗೆ ಎಳ್ಳು, ತುಪ್ಪ, ಗೋಧಿ. ಉರಿಮೈಯ ಪಿತ್ತದವರಿಗೆ ಹೆಸರುಬೇಳೆ, ಹಾಲು, ದ್ರಾಕ್ಷಿ. ಭಾರಮೈಯ ಕಫದವರಿಗೆ ಜವೆಗೋಧಿ, ಹುರುಳಿ, ಜೇನು. ಎರಡು ಪದ್ಧತಿಗಳೂ ಒಪ್ಪುವ ಇನ್ನೊಂದು ಸಂಗತಿಯಿದೆ. ಚೀನಾದ ಒಂಬತ್ತು ಬಗೆಗಳಲ್ಲಿ ಸಮತೋಲದ್ದು ಒಂದೇ, ಉಳಿದ ಎಂಟೂ ಒಂದಲ್ಲ ಒಂದು ಕಡೆಗೆ ವಾಲಿದ ಮೈಗಳು. ಚರಕಸಂಹಿತೆಯೂ ಮೂರು ದೋಷಗಳು ಸಮವಾಗಿರುವವರನ್ನೇ ನಿರೋಗಿಗಳೆಂದು ಎಣಿಸಿ, ವಾತ, ಪಿತ್ತ, ಕಫ ಹೆಚ್ಚಿದವರು ಬೇನೆಗೆ ಬೇಗ ಸಿಲುಕುತ್ತಾರೆ ಎನ್ನುತ್ತದೆ. ಅಂದಮೇಲೆ ಪ್ರಕೃತಿ ಎಂಬುದು ಎದೆಯುಬ್ಬಿಸಿ ಹೇಳಿಕೊಳ್ಳುವ ಗುರುತಲ್ಲ. ಎಲ್ಲಿ ಎಚ್ಚರ ಬೇಕು ಎಂಬುದರ ಸೂಚನೆ ಅದು.

ಈ ಎಚ್ಚರ ಎಂಥದ್ದು ಎಂಬುದಕ್ಕೆ ಎಳ್ಳು ಒಳ್ಳೆಯ ಸಾಕ್ಷಿ. ಆಯುರ್ವೇದಕ್ಕೆ ಎಳ್ಳು ಉಷ್ಣ ಪದಾರ್ಥ. ಚೀನೀ ವೈದ್ಯಕ್ಕೆ ಕರಿ ಎಳ್ಳು ಬಿಸಿಯೂ ಅಲ್ಲ, ತಂಪೂ ಅಲ್ಲ, ನಡುವಿನದು. ಕಾಳು ಒಂದೇ, ತೀರ್ಪು ಎರಡು. ಬಿಸಿ ತಂಪುಗಳು ಕಾಳಿನೊಳಗೇ ಅಡಗಿರುವ ಗುಣಗಳಾಗಿದ್ದರೆ ಸಾವಿರಾರು ವರ್ಷ ಪರೀಕ್ಷಿಸಿದ ಎರಡು ನಾಡುಗಳ ವೈದ್ಯರು ಹೀಗೆ ಬೇರೆ ಬೇರೆ ಹೇಳುತ್ತಿರಲಿಲ್ಲ. ಆದರೆ ಬಳಕೆಗೆ ಬಂದಾಗ ಇಬ್ಬರೂ ಒಂದಾಗುತ್ತಾರೆ. ಮೈ ಒಣಗಿದವರಿಗೆ, ಚರ್ಮ ಬಿರಿದವರಿಗೆ, ಮಲ ಕಟ್ಟಿದವರಿಗೆ, ವಯಸ್ಸಾದವರಿಗೆ ಎಳ್ಳು ಹಿತವೆಂದು ಇಬ್ಬರೂ ಕಂಡುಕೊಂಡಿದ್ದಾರೆ. ಇಂದಿನ ಆಹಾರಶಾಸ್ತ್ರ ಎಳ್ಳಿನಲ್ಲಿ ತೂಕದ ಅರ್ಧದಷ್ಟು ಎಣ್ಣೆಯನ್ನೂ, ಸಿಪ್ಪೆ ತೆಗೆಯದ 100 ಗ್ರಾಂ ಎಳ್ಳಿನಲ್ಲಿ ಸುಮಾರು ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಮ್ಮನ್ನೂ ಲೆಕ್ಕಹಾಕಿದೆ. ಹಳೆಯ ಪದ್ಧತಿಗಳ ಗಟ್ಟಿತನವೆಲ್ಲ ಅವರು ನೋಡಿದ ನೋಟದಲ್ಲಿದೆ. ಉಂಡವರ ಮುಖ, ನಾಲಿಗೆ, ನಿದ್ದೆ, ಮಲಮೂತ್ರಗಳನ್ನು ಯಾರೋ ದಿನವೂ ಗಮನಿಸಿದ್ದರಿಂದ ಬಂದ ತಿಳಿವಳಿಕೆ ಅದು. ಆ ನೋಟಕ್ಕೆ ಅವರು ಕೊಟ್ಟ ವಿವರಣೆಗಳು ಬದಲಾಗಬಹುದು, ತಪ್ಪಾಗಿಯೂ ಇರಬಹುದು. ಗಮನಿಸುವ ರೂಢಿ ಮಾತ್ರ ಬೆಲೆ ಕಳೆದುಕೊಳ್ಳುವುದಿಲ್ಲ.

ಈ ರೂಢಿ ಒಬ್ಬೊಬ್ಬರ ಮೈಗಷ್ಟೇ ಸೀಮಿತವಾಗಿರಲಿಲ್ಲ. ಊಟ ಹಿತವೋ ಅಹಿತವೋ ಎಂದು ತೀರ್ಮಾನಿಸಲು ಚರಕಸಂಹಿತೆ ಎಂಟು ಸಂಗತಿಗಳನ್ನು ನೋಡಲು ಹೇಳುತ್ತದೆ: ಪದಾರ್ಥದ ಸಹಜಗುಣ, ಅದನ್ನು ಬೇಯಿಸಿ ಹದಗೊಳಿಸಿದ ಬಗೆ, ಯಾವುದರ ಜೊತೆ ಸೇರಿಸಿದ್ದು, ಎಷ್ಟು ಪ್ರಮಾಣ, ಯಾವ ನಾಡು, ಯಾವ ಕಾಲ, ಉಣ್ಣುವ ನಿಯಮ, ಕೊನೆಗೆ ಉಣ್ಣುವವರು. ಉಣ್ಣುವವರ ಮೈ ಎಂಟರಲ್ಲಿ ಒಂದು ಮಾತ್ರ. ನಾಡನ್ನು ಒಣನಾಡು, ಜವುಗುನಾಡು, ನಡುವಣ ನಾಡು ಎಂದು ವೈದ್ಯರು ವಿಂಗಡಿಸಿದ್ದರು. ಈ ಸೀಮೆಯಲ್ಲಿ ಒಣನಾಡೂ ಹೊಳೆಸಾಲೂ ಒಟ್ಟಿಗಿವೆ. ಅಥಣಿಯ ಮೂಡಣ ಭಾಗ ಒಣ ಎರೆಭೂಮಿ, ಹಿಂಗಾರಿ ಜೋಳದ ನೆಲೆ. ಕೃಷ್ಣೆ, ದೂಧಗಂಗೆ, ವೇದಗಂಗೆಯ ದಂಡೆಗಳು ಕಬ್ಬಿನ ಹಸಿರು. ನೀರು ಹೆಚ್ಚಾದಲ್ಲಿ ಸವಳು ಜವಳಾದ ನೆಲವೂ ಉಂಟು. ಇಲ್ಲಿನ ಹಬ್ಬದ ಊಟ ಕಾಲವನ್ನು ಹೇಗೆ ಅನುಸರಿಸುತ್ತದೆಂದು ನೋಡಿ. ಮೈ ಬಿರಿಯುವ ಚಳಿಯಲ್ಲಿ, ಸಂಕ್ರಾಂತಿಯ ಮುನ್ನಾದಿನದ ಭೋಗಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹಸಿ ಕಾಳುಗಳ ಪಲ್ಯ, ಬೆಣ್ಣೆ. ಮರುದಿನ ಎಳ್ಳು ಬೆಲ್ಲ. ಬಿಸಿಲು ಏರಿದಾಗ ಜೋಳದ ನುಚ್ಚು, ಅಂಬಲಿ, ಮಜ್ಜಿಗೆ. ಬಾಣಂತಿಗೆ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗಿ ಪಲ್ಯ. ದಿನದ ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಒಣ ಧಾನ್ಯಕ್ಕೆ ಎಣ್ಣೆಕಾಳನ್ನು ಜೊತೆಗೂಡಿಸುವ ಈ ಕ್ರಮ ಯಾವ ಪ್ರಮಾಣಪತ್ರವನ್ನೂ ಕೇಳಿ ಬಂದದ್ದಲ್ಲ. ಈ ನೆಲದ ಬಿಸಿಲು, ಚಳಿ, ದುಡಿಮೆಗಳ ನಡುವೆ ಬಡಿಸುವವರು ಕಂಡುಕೊಂಡದ್ದು.

ಇನ್ನು ವ್ರತದ ಕಡೆ ಬರೋಣ. ವೈದ್ಯವೂ ವ್ರತವೂ ಎದುರುಬದುರಾಗಿ ನಿಂತ ಒಂದು ದೊಡ್ಡ ಸಂದರ್ಭ ಕನ್ನಡನಾಡಿನ ಇತಿಹಾಸದಲ್ಲೇ ಇದೆ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲಕ್ಕೆ ಸೇರಿದ ಜೈನ ಮುನಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥ ರಚಿಸಿದರು. ಅದರ ಕೊನೆಯ ಹಿತಾಹಿತ ಪ್ರಕರಣ ಮಾಂಸಾಹಾರದ ವಿರುದ್ಧ ರಾಜಸಭೆಯಲ್ಲಿ ಮಂಡಿಸಿದ ವಾದ. ವಾತ, ಪಿತ್ತ, ಕಫಗಳ ತತ್ವವನ್ನು ಅವರು ಪೂರ್ತಿ ಒಪ್ಪಿದರು. ಮಾಂಸ, ಮದ್ಯ, ಜೇನುಗಳನ್ನು ಮಾತ್ರ ಔಷಧದಿಂದ ಹೊರಗಿಟ್ಟರು. ಇದು ಸಣ್ಣ ತ್ಯಾಗವಲ್ಲ. ಮೈ ತುಂಬಿಸುವ ಪದಾರ್ಥಗಳಲ್ಲಿ ಮಾಂಸವೇ ಮೊದಲು ಎನ್ನುತ್ತದೆ ಚರಕಸಂಹಿತೆ. ಕಫಕ್ಕೆ ಜೇನೇ ಶ್ರೇಷ್ಠ ಎನ್ನುತ್ತದೆ. ಶಾಸ್ತ್ರದ ಎರಡು ಬಲವಾದ ಆಯುಧಗಳನ್ನು ಕೆಳಗಿಟ್ಟು ಅವರು ವೈದ್ಯ ಮಾಡಿದರು. ಅವರಿಗೂ ಸುಮಾರು ಇನ್ನೂರು ವರ್ಷ ಮೊದಲು, 7ನೇ ಶತಮಾನದ ಚೀನಾದಲ್ಲಿ, ಸುನ್ ಸಿಮಿಯಾವೊ ಎಂಬ ವೈದ್ಯರು ಇಂಥದ್ದೇ ನಿಲುವು ತಳೆದಿದ್ದರು. ರೋಗಕ್ಕೆ ಮೊದಲು ಊಟದಿಂದಲೇ ಚಿಕಿತ್ಸೆ ಮಾಡಬೇಕು, ಅದು ಫಲಿಸದಿದ್ದರೆ ಮಾತ್ರ ಔಷಧ ಎಂದು ಕಲಿಸಿದವರು ಅವರು. ಒಂದು ಜೀವ ಉಳಿಸಲು ಇನ್ನೊಂದು ಜೀವ ಕೊಲ್ಲುವುದು ಬದುಕಿನಿಂದ ದೂರ ಸರಿದಂತೆ ಎಂದೂ ಬರೆದರು. ಒಬ್ಬರನ್ನೊಬ್ಬರು ಕಾಣದ, ಬೇರೆ ಬೇರೆ ನುಡಿಯ ಈ ಇಬ್ಬರು ವೈದ್ಯರು ಒಂದೇ ಸತ್ಯ ಮುಟ್ಟಿದ್ದಾರೆ: ಈ ಮೈಗೆ ಯಾವುದು ಪುಷ್ಟಿ ಎಂದು ವೈದ್ಯ ಹೇಳಬಲ್ಲದು, ಆ ಪುಷ್ಟಿಗೆ ಎಷ್ಟು ಬೆಲೆ ತೆರಬಹುದು ಎಂದು ಹೇಳಲಾರದು. ಬೆಲೆಯ ಮಾತು ಧರ್ಮದ್ದು.

ಧರ್ಮ ಹೀಗೆ ಗೆರೆ ಎಳೆದ ಮೇಲೆ ಪೋಷಣೆ ಸೊರಗಿತೇ? ಈ ಸೀಮೆಯ ಜೈನ ಅಡುಗೆಮನೆಯೇ ಉತ್ತರ ಕೊಡುತ್ತದೆ. ಇಲ್ಲಿನ ಜೈನರಲ್ಲಿ ಹೆಚ್ಚಿನವರು ಒಕ್ಕಲುಮಕ್ಕಳು, ಹೊಲದಲ್ಲಿ ಬೆವರು ಸುರಿಸುವವರು. ವ್ರತ ಹಿಡಿದ ಮನೆಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಬಟಾಟಿ ಇಲ್ಲ; ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಸಿ ಶುಂಠಿ ಸಲ್ಲದ ಎಷ್ಟೋ ಮನೆಗಳಲ್ಲಿ ಒಣ ಶುಂಠಿ ಸಲ್ಲುತ್ತದೆ, ಚಳಿಮೈಗೆ ಬೇಕಾದ ಬಿಸಿ ಅದರಿಂದ ಬರುತ್ತದೆ. ರಾತ್ರಿ ಇಟ್ಟು ಹುಳಿ ಬರಿಸಿದ ಅಂಬಲಿ ಕಟ್ಟುನಿಟ್ಟಿನವರಿಗೆ ಆಗದು. ಅಂದೇ ಕಾಸಿದ ಗಂಜಿ, ಅಂದೇ ಕಡೆದ ಮಜ್ಜಿಗೆ ಆ ತಂಪನ್ನು ಕೊಡುತ್ತವೆ. ಮಾಂಸದ ಸಾರಿನ ಪುಷ್ಟಿಯನ್ನು ಎಳ್ಳು, ಶೇಂಗಾ, ಬೇಳೆ, ಹಾಲು, ತುಪ್ಪಗಳು ಹಂಚಿಕೊಂಡು ಹೊರುತ್ತವೆ. ಮಿತಿ ಹಾಕಿದಾಗ ಅಡುಗೆ ಬಡವಾಗಲಿಲ್ಲ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸುವ ಜಾಣ್ಮೆ ಬೆಳೆಯಿತು. ಆದರೆ ಇಷ್ಟರಿಂದ ಮೊದಲಿನ ಪ್ರಶ್ನೆ ಬಗೆಹರಿಯಲಿಲ್ಲ. ಮೈಯನ್ನು ಅರಿಯುವುದು ಮತ್ತು ಮೈಯನ್ನು ತಡೆಯುವುದು ಒಂದೇ ಬದುಕಿನಲ್ಲಿ ಹೇಗೆ ಕೂಡಿ ಬಾಳಬೇಕು? ನನಗೆ ಕಾಣುವ ಉತ್ತರ ಮುನಿಗಳ ಆಹಾರದಾನದ ವಿಧಿಯೊಳಗಿದೆ.

ದಿಗಂಬರ ಮುನಿ ಊಟ ಕೇಳುವಂತಿಲ್ಲ. ಇಂಥದ್ದು ಮಾಡಿಕೊಡಿ ಎಂದು ಹೇಳುವಂತಿಲ್ಲ. ಊಟದ ಹೊತ್ತಿನಲ್ಲಿ ಮೌನ. ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಂಡು ಹೊರಡುತ್ತಾರೆ, ಅದು ಕೂಡಿಬರದಿದ್ದರೆ ಅಂದು ಉಪವಾಸ. ಇತ್ತ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಶ್ರಾವಕ ಶ್ರಾವಕಿಯರಲ್ಲಿ ಇರಬೇಕಾದ ಏಳು ಗುಣಗಳನ್ನು ಜೈನ ಗ್ರಂಥಗಳು ಎಣಿಸುತ್ತವೆ. ಶ್ರದ್ಧೆ, ಭಕ್ತಿ, ಕ್ಷಮೆಗಳ ಜೊತೆಗೆ ಅಲ್ಲಿ ವಿಜ್ಞಾನವೂ ಒಂದು: ಬಂದವರ ವಯಸ್ಸು, ಆರೋಗ್ಯ, ಋತು, ನಾಡು ನೋಡಿ, ಅವರ ಮೈಗೆ ಯಾವುದು ಹಿತವೆಂದು ತಿಳಿದು ಕೊಡುವ ಅರಿವು. ಬಿಸಿಲಲ್ಲಿ ನಡೆದು ಬಂದವರಿಗೆ ತಂಪಿನದು, ಕೆಮ್ಮಿರುವವರಿಗೆ ಬಿಸಿಯದು, ಮುದುಕರಿಗೆ ಮೆತ್ತಗಿನದು ಕೊಡಬೇಕು. ಒಂದೇ ಊಟದಲ್ಲಿ ಪ್ರಕೃತಿಯ ಅರಿವೂ ಇದೆ, ವ್ರತದ ಮಿತಿಯೂ ಇದೆ; ಅವು ಇಬ್ಬರಲ್ಲಿ ಹಂಚಿಕೆಯಾಗಿವೆ. ಅರಿವು ಬಡಿಸುವವರ ಪಾಲಿಗೆ, ಮಿತಿ ಉಣ್ಣುವವರ ಪಾಲಿಗೆ. ಬಡಿಸುವವರು ತಮ್ಮ ಪಾಲು ಮರೆತರೆ ತಪಸ್ಸು ಕ್ರೌರ್ಯವಾಗುತ್ತದೆ. ಉಣ್ಣುವವರು ಮರೆತರೆ ಪೋಷಣೆ ಚಪಲವಾಗುತ್ತದೆ. ದೇಹಪ್ರಕೃತಿಯ ವಿದ್ಯೆ ಮೊದಲಿಗೆ ಇನ್ನೊಬ್ಬರ ತಾಟಿನ ವಿದ್ಯೆ. ವೈದ್ಯರು ಅದನ್ನು ರೋಗಿಗಾಗಿ ಕಲಿತರು, ತಾಯಂದಿರು ಬಾಣಂತಿಗಾಗಿ ಕಲಿತರು, ಶ್ರಾವಕರು ಮುನಿಗಾಗಿ ಕಲಿತರು. ನನ್ನದು ಈ ಪ್ರಕೃತಿ, ನನಗೆ ಇದೇ ಬೇಕು ಎಂದು ಹಟ ಹಿಡಿಯಲು ಯಾರೂ ಅದನ್ನು ಕಟ್ಟಲಿಲ್ಲ.

ಉಣ್ಣುವವರ ಮಿತಿ ಎಂದರೇನು ಎಂಬುದನ್ನೂ ಸ್ಪಷ್ಟಪಡಿಸಬೇಕು. ಜೈನರು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲ ನಾಲ್ಕೂ ಊಟಕ್ಕೆ ಸಂಬಂಧಿಸಿದವು: ಉಪವಾಸ, ಹಸಿವಿಗಿಂತ ತುಸು ಕಡಿಮೆ ಉಣ್ಣುವ ಅವಮೌದರ್ಯ, ಭಿಕ್ಷೆಗೆ ಸಂಕಲ್ಪದ ಕಟ್ಟು, ರಸಪರಿತ್ಯಾಗ. ಇವು ಮೈಯ ಮೇಲಿನ ದ್ವೇಷದಿಂದ ಹುಟ್ಟಿದವಲ್ಲ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಂತೆ ಮುನಿ ಉಣ್ಣಬೇಕು ಎಂದು ಜೈನ ಆಚಾರಗ್ರಂಥಗಳು ಹೇಳುತ್ತವೆ. ಗಾಡಿ ಸಾಗಬೇಕು, ಅದಕ್ಕೆ ಎಣ್ಣೆ ಬೇಕೇ ಬೇಕು. ಎಣ್ಣೆ ಹಾಕುವುದಕ್ಕೆಂದೇ ಯಾರೂ ಗಾಡಿ ಇಟ್ಟುಕೊಳ್ಳುವುದಿಲ್ಲ. ಈ ಒಂದು ಹೋಲಿಕೆಯಲ್ಲಿ ಎರಡು ಅತಿಗಳಿಗೂ ಉತ್ತರವಿದೆ. ಮೈಗೆ ಕೊಡಲೇಬಾರದು ಎನ್ನುವವರಿಗೆ ಗಾಡಿ ನಿಂತುಹೋಗುತ್ತದೆ ಎಂಬ ಎಚ್ಚರಿಕೆ. ಮೈಯನ್ನು ಸಮತೋಲಕ್ಕೆ ತರುವುದೇ ಬದುಕಿನ ಗುರಿ ಎನ್ನುವವರಿಗೆ, ಗಾಡಿ ಎಲ್ಲಿಗೆ ಹೊರಟಿದೆ ಎಂಬ ಪ್ರಶ್ನೆ.

ಇಷ್ಟು ಹೇಳಿದ ಮೇಲೆ ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು ವಿಜ್ಞಾನದ ಕಡೆಯಿಂದ: ವಾತ, ಪಿತ್ತ, ಯಿನ್, ಯಾಂಗ್ ಎಂಬುವು ಇಲ್ಲವೇ ಇಲ್ಲ, ಇಲ್ಲದ್ದರ ಮೇಲೆ ಧರ್ಮವಿಚಾರ ಕಟ್ಟುವುದು ಎಷ್ಟು ಸರಿ? ಆಕ್ಷೇಪಕ್ಕೆ ಬಲವಿದೆ. ಒಬ್ಬರನ್ನೇ ಬೇರೆ ಬೇರೆ ವೈದ್ಯರು ಪರೀಕ್ಷಿಸಿದಾಗ ಪ್ರಕೃತಿಯ ಬಗ್ಗೆ ಒಮ್ಮತ ಕಡಿಮೆ ಎಂದು ಅಧ್ಯಯನಗಳೇ ತೋರಿಸಿವೆ. 2008ರಲ್ಲಿ ದೆಹಲಿಯ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಮೂರು ಪ್ರಕೃತಿಗಳ ತುದಿಯಲ್ಲಿರುವ ಆರೋಗ್ಯವಂತರ ರಕ್ತದಲ್ಲಿ, ವಂಶವಾಹಿಗಳ ಚಟುವಟಿಕೆಯಲ್ಲಿ ವ್ಯತ್ಯಾಸಗಳನ್ನು ಕಂಡರು, ನಿಜ. ಆದರೆ ಅದು ತುದಿಯವರ ಮಾತು. ನಮ್ಮಲ್ಲಿ ಹೆಚ್ಚಿನವರು ನಡುವಿನವರು. ಹಾಗೆಂದು ಮೈಗಳೆಲ್ಲ ಒಂದೇ ಎನ್ನಲೂ ಬಾರದು. 2015ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆ ಸುಮಾರು 800 ಜನರ ರಕ್ತದ ಸಕ್ಕರೆಯನ್ನು ಒಂದು ವಾರ ಬಿಡದೆ ಅಳೆದಾಗ, ಒಂದೇ ಊಟ ಒಬ್ಬರಲ್ಲಿ ಸಕ್ಕರೆಯನ್ನು ಥಟ್ಟನೆ ಏರಿಸಿ ಇನ್ನೊಬ್ಬರಲ್ಲಿ ಏರಿಸದೇ ಇದ್ದುದು ಕಂಡಿತು. ಮೈ ಮೈಗೆ ಭೇದವಿದೆ ಎಂಬ ಹಳೆಯ ಅನುಭವ ನಿಲ್ಲುತ್ತದೆ. ಆ ಭೇದವನ್ನು ಮೂರೋ ಒಂಬತ್ತೋ ಮನೆಗಳಲ್ಲಿ ತುಂಬಬಹುದು ಎಂಬ ಖಚಿತತೆ ನಿಲ್ಲುವುದಿಲ್ಲ. ಪ್ರಕೃತಿಯ ಹೆಸರು ಬಡಿಸುವವರ ಮೊದಲ ಅಂದಾಜು ಆಗಬಹುದು. ಸಕ್ಕರೆ ಕಾಯಿಲೆ, ರಕ್ತಹೀನತೆ, ಕ್ಷಯಗಳಿಗೆ ಪರೀಕ್ಷೆಯೂ ಔಷಧವೂ ಬೇಕು. ಹಿತವಾದುದನ್ನು ತಿಳಿದು ಕೊಡುವ ವಿಜ್ಞಾನ ಎಂದಮೇಲೆ ಇಂದು ರಕ್ತದ ವರದಿ ಓದುವುದೂ ಅದರೊಳಗೇ ಸೇರಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಕಠಿಣ: ವ್ರತ ಬೇಡವೆನ್ನುವುದನ್ನೇ ಕಾಯಿಲೆ ಬಿದ್ದ ಮೈ ಬೇಡಿದರೆ? 1924ರ ಕಾಂಗ್ರೆಸ್ ಅಧಿವೇಶನಕ್ಕೆ ಬೆಳಗಾವಿಗೆ ಬಂದ ಗಾಂಧೀಜಿ ಈ ಇಕ್ಕಟ್ಟನ್ನು ಅದಕ್ಕೂ ಕೆಲವು ವರ್ಷ ಮೊದಲು ಅನುಭವಿಸಿದ್ದರು. ಹಾಲು ಬಿಡುವ ವ್ರತ ತೊಟ್ಟಿದ್ದ ಅವರು 1918ರ ಭಾರೀ ಕಾಯಿಲೆಯಲ್ಲಿ ಕುಗ್ಗಿಹೋದಾಗ, ವ್ರತ ತೊಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಯ ಹಾಲು ಎಂದು ಕಸ್ತೂರಬಾ ದಾರಿ ತೋರಿದರು. ಗಾಂಧೀಜಿ ಆಡಿನ ಹಾಲು ಕುಡಿದು ಚೇತರಿಸಿಕೊಂಡರು. ವ್ರತದ ಆತ್ಮ ಮುರಿಯಿತೆಂಬ ನೋವು ಅವರನ್ನು ಕೊನೆವರೆಗೂ ಬಿಡಲಿಲ್ಲ. ಇಲ್ಲಿಯೂ ಮೊದಲು ಕಂಡ ಹಂಚಿಕೆಯೇ ಇದೆ: ವ್ರತದ ನೋವು ಉಂಡವರದು, ಬದುಕಿಸುವ ಉಪಾಯ ಬಡಿಸಿದವರದು. ಎರಡೂ ಸರಿಯಾದವೇ. ಬಿ12 ಎಂಬ ಜೀವಸತ್ವ ಕಾಳು, ಕಾಯಿಪಲ್ಯಗಳಲ್ಲಿ ಇಲ್ಲ. ಹಾಲು ಮೊಸರಿನಲ್ಲಿ ಸಿಗುವುದು ಎಲ್ಲರಿಗೂ ಸಾಲದು. ಮಾತ್ರೆ ತೆಗೆದುಕೊಳ್ಳಬೇಕು ಎಂಬುದನ್ನು ಸಸ್ಯಾಹಾರಿ ಮನೆಗಳು ಸಂಕೋಚವಿಲ್ಲದೆ ಒಪ್ಪಬೇಕು. ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಊಟ ತೊರೆಯುವ 36 ದಿನಗಳ ಸಲ್ಲೇಖನದಿಂದ ದೇಹ ಬಿಟ್ಟದ್ದನ್ನು ಕೆಲವರು ಮೈಯ ತಿರಸ್ಕಾರವೆಂದು ಓದುತ್ತಾರೆ. ಅವರು ಆಗ ಎಂಬತ್ತು ದಾಟಿದ್ದರು, ಕಣ್ಣು ಮಂಜಾಗಿತ್ತು. ನೆಲ ನೋಡಿ, ಹುಳಹುಪ್ಪಟೆ ತುಳಿಯದೆ ನಡೆಯಬೇಕೆಂಬ ವ್ರತ ಪಾಲಿಸಲು ಆಗದ ಸ್ಥಿತಿ. ದಶಕಗಳ ಕಾಲ ಆ ಮೈಗೆ ಬೇಕಾದುದನ್ನು ಕೊಟ್ಟೇ ಅವರು ನಾಡೆಲ್ಲ ನಡೆದಿದ್ದರು. ಅದು ಸನ್ಯಾಸದ ಕೊನೆಯ ಹೆಜ್ಜೆ. ಗೃಹಸ್ಥರು ತಮ್ಮ ಅಥವಾ ಇನ್ನೊಬ್ಬರ ದಿನದೂಟಕ್ಕೆ ಅದನ್ನು ಅಳತೆಯಾಗಿ ಹಿಡಿಯಲಾಗದು.

ಮೂರನೆಯ ಆಕ್ಷೇಪ ಭಕ್ತಿಯ ದಾರಿಯಿಂದ ಬರುತ್ತದೆ. ಅಥಣಿಯ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳ ನೆನಪು ಹಸಿರಾಗಿರುವ ಈ ಸೀಮೆಯಲ್ಲಿ ಲಿಂಗಾಯತ ಧರ್ಮದ ಪ್ರಸಾದ ತತ್ವ ದೊಡ್ಡದು. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವೇ ಮೂರನೆಯದು. ಲಿಂಗಕ್ಕೆ ಅರ್ಪಿಸಿದ ಮೇಲೆ ಪದಾರ್ಥ ಪದಾರ್ಥವಾಗಿ ಉಳಿಯುವುದಿಲ್ಲ, ಪ್ರಸಾದವಾಗುತ್ತದೆ. ಅದನ್ನು ಉಷ್ಣ, ತಂಪು, ನನಗೆ ಆಗದು ಎಂದು ಆರಿಸಿ ತೆಗೆಯುವುದು ಅಪಚಾರವಲ್ಲವೇ? ಉಣ್ಣುವವರ ಕಡೆಯಿಂದ ಈ ಮಾತು ನೂರಕ್ಕೆ ನೂರು ನಿಜ, ಅದು ಅವರ ಮಿತಿಯನ್ನೇ ಹೇಳುತ್ತದೆ. ಆದರೆ ದಾಸೋಹ ಮಾಡುವವರು ಎದುರಿಗೆ ಕುಳಿತವರನ್ನು ಕಣ್ಣಿಟ್ಟು ನೋಡಬೇಕಾದವರೇ. ದೂರದಿಂದ ಹಸಿದು ಬಂದವರಿಗೆ ಮೊದಲು ಏನು, ಹಲ್ಲಿಲ್ಲದ ಅಜ್ಜಿಗೆ ಏನು, ಸಕ್ಕರೆ ಕಾಯಿಲೆಯವರಿಗೆ ಹುಗ್ಗಿ ಎಷ್ಟು ಎಂದು ಯೋಚಿಸಿ ಬಡಿಸಿದರೆ ದಾಸೋಹದ ಪಾವಿತ್ರ್ಯ ಹೆಚ್ಚುತ್ತದೆ. ಜಂಗಮನೆಂದು ನಂಬಿದವರ ಮೈಗೆ ಆಗದ್ದನ್ನು ಬಡಿಸುವುದು ಭಕ್ತಿಯಾಗಲಾರದು.

ನಾಲ್ಕನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಅರಿವು ಬಡಿಸುವವರದು ಎಂದರೆ ಉಣ್ಣುವವರ ಬಾಯಿ ಕಟ್ಟಿದಂತಾಗುವುದಿಲ್ಲವೇ? ಬಾಣಂತಿಗೆ ನೀರು ಕೊಡದೆ, ಹಣ್ಣು ಸೊಪ್ಪು ತಡೆದು, ಪಥ್ಯದ ಹೆಸರಿನಲ್ಲಿ ಬಳಲಿಸಿದ ಮನೆಗಳಿವೆ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು: ನಮ್ಮ ಮನೆಗಳಲ್ಲಿ ಬಡಿಸುವವರು ಹೆಂಗಸರು, ಎಲ್ಲರದ್ದೂ ಆದ ಮೇಲೆ ಉಳಿದದ್ದು ಉಣ್ಣುವವರೂ ಅವರೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಎಲ್ಲರ ಮೈಯ ಗುಣ ಬಲ್ಲವಳ ಮೈಯನ್ನು ಯಾರೂ ನೋಡಲಿಲ್ಲ ಎಂಬುದಕ್ಕೆ ಈ ಅಂಕಿಗಿಂತ ಬೇರೆ ಸಾಕ್ಷಿ ಬೇಡ. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಅದರ ಅರ್ಧ ಮಾತ್ರ ನಡೆಯುತ್ತಿದೆ ಎಂದು ತೋರಿಸುತ್ತದೆ. ಆಹಾರದಾನದಲ್ಲಿ ಗಂಡಸರೂ ಶುದ್ಧರಾಗಿ ನಿಂತು ಕೊಡುತ್ತಾರೆ. ಆ ಅರಿವು ಮುನಿ ಹೊರಟುಹೋದ ಮೇಲೆ ಮುಗಿದುಹೋಗಬಾರದು. ಮನೆಯೊಳಗೆ ಬಡಿಸುವ ಕೆಲಸ ಸರದಿಯಾಗಬೇಕು, ಯಾರ ತಾಟೂ ಯಾರೂ ನೋಡದ ತಾಟಾಗಬಾರದು. ಉಣ್ಣುವವರು ಇದು ನನಗೆ ಆಗಲಿಲ್ಲ ಎಂದರೆ ಆ ಮಾತೇ ಬಡಿಸುವವರ ಅರಿವಿಗೆ ಮೊದಲ ಪುರಾವೆ. ಅದನ್ನು ಕೇಳದ ಪಥ್ಯ ವಿಜ್ಞಾನವಲ್ಲ, ದರ್ಪ.

ಉಳಿದದ್ದು ಬಡತನದ ಮಾತು. ಇದೆಲ್ಲ ಆಯ್ದು ಉಣ್ಣಬಲ್ಲವರಿಗೆ ಸರಿ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯಿಂದ ಬಂದು ಹೊಲದಂಚಿನ ಗುಡಿಸಲಲ್ಲಿ ಇರುವವರಿಗೆ ಯಾವ ಪ್ರಕೃತಿ, ಯಾವ ವ್ರತ? ನಿಪ್ಪಾಣಿಯ ಸುತ್ತ ತಂಬಾಕು, ಹೊಳೆಸಾಲಿನಲ್ಲಿ ಕಬ್ಬು. ಹಣ ತರುವ ಬೆಳೆಗಳು ಹೊಟ್ಟೆ ತುಂಬುವ ಬೆಳೆಗಳನ್ನು ಹಿಂದಕ್ಕೆ ತಳ್ಳಿದ ಸೀಮೆ ಇದು. ಈ ಪ್ರಶ್ನೆಗೂ ಉತ್ತರ ಅದೇ ಹಂಚಿಕೆಯಲ್ಲಿದೆ, ಕೊಡುವವರು ಮಾತ್ರ ಬದಲಾಗುತ್ತಾರೆ. ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟಗಳಲ್ಲಿ ಬಡಿಸುವವರು ಸರಕಾರ. ಕಬ್ಬಿನ ಗ್ಯಾಂಗಿಗೆ ಬಡಿಸಬೇಕಾದವರಲ್ಲಿ ಕಾರ್ಖಾನೆಗಳೂ ಸೇರಿವೆ. 2013ರಲ್ಲಿ ಬಂದ ಅನ್ನಭಾಗ್ಯ ಹಸಿವನ್ನು ತಡೆಯಿತು, ಅದು ದೊಡ್ಡ ಪುಣ್ಯ. ಆದರೆ ಜೋಳದ ಮೈಗಳ ಸೀಮೆಗೆ ಮುಖ್ಯವಾಗಿ ಅಕ್ಕಿಯೇ ಹೋಯಿತು. ರೂಢಿಯಾದ ಧಾನ್ಯ ಮೈಗೆ ಹಿತ ಎಂಬ ಹಳೆಯ ವೈದ್ಯದ ಮಾತೂ, ಜೋಳದಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರು, ಕಬ್ಬಿಣ ಹೆಚ್ಚು ಎಂಬ ಇಂದಿನ ಮಾತೂ ಒಂದೇ ಕಡೆ ಬೆರಳು ತೋರಿಸುತ್ತವೆ: ಇಲ್ಲಿನ ಪಡಿತರದಲ್ಲಿ ಜೋಳ, ಸಜ್ಜೆ, ಬೇಳೆಗಳಿಗೆ ಸ್ಥಿರವಾದ ಜಾಗ ಬೇಕು. ಮಿತವಾಗಿ ಉಣ್ಣಿ ಎಂದು ಬಡವರಿಗೆ ಬೋಧಿಸುವ ಹಕ್ಕು ಕೊಡುವ ಸ್ಥಾನದಲ್ಲಿರುವವರಿಗೆ ಇಲ್ಲ. ಮಿತಿ ಉಣ್ಣುವವರು ತಾವಾಗಿ ತೊಟ್ಟರೆ ವ್ರತ, ಇನ್ನೊಬ್ಬರು ಹೇರಿದರೆ ಹಸಿವು. ಪ್ರಕೃತಿಯ ಪ್ರಮಾಣಪತ್ರ ಪಡೆದವರು ಅದನ್ನು ತಮ್ಮ ನಾಲಿಗೆಯ ಹಕ್ಕುಪತ್ರ ಮಾಡಿಕೊಳ್ಳದಿರಲಿ. ತಾವು ಯಾರಿಗೆ ಬಡಿಸುತ್ತೇವೋ ಅವರ ಮೈಯನ್ನು ಅರಿಯುವ ಪಾಠ ಅಲ್ಲಿಂದ ಶುರುವಾಗಲಿ. ತನ್ನ ತಾಟಿಗೆ ಗೆರೆ, ಇನ್ನೊಬ್ಬರ ತಾಟಿಗೆ ಗಮನ: ವೈದ್ಯವೂ ಧರ್ಮವೂ ಕೂಡಿ ಗೃಹಸ್ಥರಿಂದ ಕೇಳುವುದು ಇದನ್ನು.